ಆಗ್ನೇಯದ ಕಿಟಕಿ

"ರುಕಿಯೇ! ಊಪರ್ ಜಾನಾ ಮನಾ ಹೈ!"

ಮೇಲೆ ಹೋಗುವಂತಿಲ್ಲ ಎಂದು ಛಾವಣಿಯ ಬಾಗಿಲಿಗೆ ಅಡ್ಡ ನಿಂತವನ ಕೈಯಲ್ಲಿ ಬೀಗದ ಕೈ ಇತ್ತು. ನಾಲ್ಕು ಮಹಡಿ ಟಿವಿ ಡಿಶ್ ಹೊತ್ತು ಬಂದ ಸಂಯುಕ್ತಾ ಏದುಸಿರು ಬಿಡುತ್ತಿದ್ದಳು.

"ಥೂ! ಈ ಊರಲ್ಲಿ ಆಕಾಶಕ್ಕೂ ಮಾಲೀಕರು!" ಎಂದು ಗೊಣಗಿದಳು.

ಅವನು ಬೆಚ್ಚಿದ. "ಕನ್ನಡದೋರೇನ್ರೀ?"

ದೇಶದ ರಾಜಧಾನಿಯ ರೋಹಿಣಿ ಬಡಾವಣೆಯ ಆ ಕಟ್ಟಡದಲ್ಲಿ ಛಾವಣಿಯೆಂದರೆ ಮೇಲ್ಮಹಡಿ ಕೊಂಡವನ ಸ್ವಂತ ಆಸ್ತಿ. ಕೆಳಗಿನವರು ಅಲ್ಲಿ ಒಂದು ಟವಲ್ಲೂ ಒಣಗಿಸುವಂತಿಲ್ಲ. ಛಾವಣಿಯ ಒಂಟಿ ಕೋಣೆಗೆ ಬಾಡಿಗೆಗೆ ಬಂದ ಮಹಂತೇಶನಿಗೆ ಆ ಬೀಗ ಕಾಯುವುದೂ ಒಂದು ಷರತ್ತು.

"ಅಪ್ಪನಿಗೆ ಪಾರ್ಶ್ವವಾಯು," ಎಂದಳು. "ಮೂವತ್ತು ವರ್ಷ ಇಲ್ಲಿನ ಆರ್.ಕೆ.ಪುರಂ ಆಫೀಸಲ್ಲಿ ಆಡಿದ ಹಿಂದಿ ಪೂರ್ತಿ ಅಳಿಸಿಹೋಯ್ತು. ಕನ್ನಡ ಮಾತ್ರ ಉಳಿದಿದೆ. ನೋಡ್ಕೊಳ್ಳೋ ದೀದಿಗೆ ಕನ್ನಡ ಬರಲ್ಲ. ನಾನು ಕೆಲಸಕ್ಕೆ ಹೋದ್ರೆ, ಸಂಜೆವರೆಗೂ ಅವರು ಮೂಗರ ಥರ... ಕನ್ನಡ ಚಾನೆಲ್ ಹಾಕ್ಕೊಡೋಣ ಅಂದ್ರೆ ನಮ್ಮ ಬಾಲ್ಕನಿ ಉತ್ತರಕ್ಕಿದೆ. ಸಿಗ್ನಲ್ ಬರೋದು ಆಗ್ನೇಯದಿಂದ!"

ಮಹಂತೇಶ್ ಡಿಶ್ ತಿರುಗಿಸಿ ನೋಡಿದ. "ಎರಡಡಿದು ಯಾಕೆ ತಂದ್ರಿ? ಜೋರು ಮಳೆ ಬಂದ್ರೆ ಚಿತ್ರ ನಿಲ್ಲಲ್ಲ. ಮೂರಡಿದು ತರಬೇಕಿತ್ತು."

"ಹೊರೋಳು ನಾನಲ್ವಾ?"

ಅವನು ನಕ್ಕ. ಭಾನುವಾರ ತಾನೇ ಅಂಗಡಿಗೆ ಹೋಗಿ ಬದಲಾಯಿಸಿ ತಂದ. ಬೀಗ ತೆಗೆದು, ಮಾಲೀಕನಿಗೆ ಹೇಳದೆ ಛಾವಣಿಯ ಗೋಡೆಗೆ ಬಿಗಿಯತೊಡಗಿದ. ಅವನು ಮೇಲೆ, ಅವಳು ಟಿವಿ ಮುಂದೆ, ನಡುವೆ ಫೋನು.

"ಬಂತಾ?"

"ಇಲ್ಲ..."

"ಈಗ?"

"ಬಂದು ಹೋಯ್ತು! ಸ್ವಲ್ಪ ಹಿಂದಕ್ಕೆ... ಹಾಂ, ನಿಲ್ಲಿ! ಅಲುಗಾಡಿಸ್ಬೇಡಿ!"

ಕನ್ನಡದ ವಾರ್ತೆ ಮನೆ ತುಂಬಿತು. ಅವಳ ಅಪ್ಪ ಚಿದಂಬರರ ಬಾಗಿದ ತುಟಿ ಅದುರಿತು. "ಸಂಯೂ... ದನಿ ಜಾಸ್ತಿ ಮಾಡು."

ಪಾರ್ಶ್ವವಾಯು ಬಡಿದ ಈ ಎರಡು ತಿಂಗಳಲ್ಲಿ ಅಪ್ಪ ಆಡಿದ ಮೊದಲ ಪೂರ್ಣ ವಾಕ್ಯ!

ಒಂಬತ್ತನೇ ದಿನ ಪರದೆ ನೀಲಿಯಾಯಿತು. ಸಂಯುಕ್ತಾ ಮೇಲಕ್ಕೋಡಿದಳು. ಗೋಡೆಯಲ್ಲಿ ಬೋಲ್ಟಿನ ನಾಲ್ಕು ತೂತು ಮಾತ್ರ ಇದ್ದವು. ಡಿಶ್ ಮಹಂತೇಶನ ಕೈಯಲ್ಲಿತ್ತು.

"ನೀವೇ ಕಿತ್ತಿರಾ? ಕನ್ನಡ ಕನ್ನಡ ಅಂತ ನಂಬಿಸಿ... ಮಾಲೀಕನ ಚಮಚಾ!"

"ಸಂಯುಕ್ತಾ, ಒಂದ್ನಿಮಿಷ..."

ಅವಳು ಕೇಳಲಿಲ್ಲ. ಬಾಗಿಲು ಬಡಿದ ಸದ್ದು ನಾಲ್ಕೂ ಮಹಡಿಗೆ ಕೇಳಿತು.

ಮೂರು ದಿನ ಚಿದಂಬರರು ಮಾತಾಡಲಿಲ್ಲ. ಸರಿಯಾಗಿ ಊಟವನ್ನೂ ಮಾಡಲಿಲ್ಲ. ಡಿಸೆಂಬರಿನ ಹೊಗೆ ಬಾಲ್ಕನಿಗೆ ಅಂಟಿಕೊಂಡಿತ್ತು. 'ಒಬ್ಬ ಮುದುಕನ ಕಿವಿಗೆ ನಾಲ್ಕು ಮಾತು ಬಿದ್ದರೆ ಯಾರ ಗಂಟು ಹೋಗುತ್ತಿತ್ತು?' ಎಂದು ಅವಳು ಕುದಿಯುತ್ತಿದ್ದಳು. ಅದಕ್ಕಿಂತ ಹೆಚ್ಚಾಗಿ, ಅವನು ಹೀಗೆ ಮಾಡಿದನಲ್ಲ ಎಂದು ಅಳುತ್ತಿದ್ದಳು.

ನಾಲ್ಕನೇ ಸಂಜೆ ನೀಲಿಯಾಗಿಯೇ ಇದ್ದ ಟಿವಿ ತಾನಾಗಿಯೇ ಮಾತಾಡಿತು!

ಮೆಟ್ಟಿಲು ಹತ್ತಿ ಹೋದವಳು ಅವನ ಕೋಣೆಯ ಹೊಸ್ತಿಲಲ್ಲೇ ನಿಂತಳು. ಕಿಟಕಿಗೆ ಗಾಜಿರಲಿಲ್ಲ. ಅದರ ಚೌಕಟ್ಟಿನಲ್ಲಿ, ಆಗ್ನೇಯಕ್ಕೆ ಮುಖ ಮಾಡಿ, ಅದೇ ಡಿಶ್. ಚಳಿಗಾಳಿ ನೇರ ಒಳಗೆ ನುಗ್ಗುತ್ತಿತ್ತು. ಮೂಲೆಗೆ ಸರಿಸಿದ ಮಂಚದಲ್ಲಿ ಎರಡು ರಜಾಯಿ.

"ಕಿತ್ತಿದ್ದು ಮಾಲೀಕ," ಎಂದ ಮಹಂತೇಶ್. "ನಾನು ನೆಲದಿಂದ ಎತ್ಕೊಂಡಿದ್ದೆ ಅಷ್ಟೇ. ಛಾವಣಿ ಅವನದಂತೆ. ಸರಿ... ಈ ಕಿಟಕಿಗೆ ಬಾಡಿಗೆ ಕೊಡೋನು ನಾನು."

"ಅವತ್ತೇ ಯಾಕೆ ಹೇಳಲಿಲ್ಲ?"

"ಬಿಟ್ರಾ ನೀವು?"

ಅವಳು ಒಳಗೆ ಬಂದಳು. "ಚಳಿ ಆಗಲ್ವಾ?"

"ಆಗುತ್ತೆ. ಆದ್ರೆ ಕೆಳಗಿಂದ ವಾರ್ತೆ ಕೇಳಿಸಿದ್ರೆ, ನೀವು ಈಗ ಅಪ್ಪನಿಗೆ ತುತ್ತು ಕೊಡ್ತಿರ್ತೀರಿ ಅನ್ಕೋತೀನಿ. ಅದು ಸಾಕು ನಂಗೆ." ಅವನು ತಲೆ ತಗ್ಗಿಸಿದ. "ತಿಂಗಳ ಕೊನೆಗೆ ಕೋಣೆ ಖಾಲಿ ಮಾಡು ಅಂದಿದ್ದಾನೆ ಮಾಲೀಕ. ಅಷ್ಟರಲ್ಲಿ ಈ ಡಿಶ್‌ಗೂ ಬೇರೆ ದಾರಿ ಹುಡುಕ್ಬೇಕು."

ಸಂಯುಕ್ತಾ ಒಂದು ರಜಾಯಿ ಎತ್ತಿ ಮಡಚಿ, ಕಂಕುಳಲ್ಲಿ ಇಟ್ಟುಕೊಂಡಳು.

"ಅದನ್ನೆಲ್ಲಿಗೆ ಒಯ್ತೀರಿ?"

"ಕೆಳಗೆ. ಅಪ್ಪನ ಪಕ್ಕದ ಮಂಚ ಖಾಲಿ ಇದೆ. ಕನ್ನಡದಲ್ಲಿ ಜಗಳ ಆಡೋಕೆ ಅವರಿಗೂ ಒಬ್ಬರು ಬೇಕು."

"ನಿಮಗೆ?"

"...ನಂಗೂ."

ಅವನು ಇನ್ನೊಂದು ರಜಾಯಿ ಎತ್ತಿಕೊಂಡ. "ಎಷ್ಟು ದಿನಕ್ಕೆ?"

"ಹೊರಡಿ ಅನ್ನೋಕೆ ನಾನೇನು ಮಾಲೀಕಳೇನ್ರೀ?"