ಹದಿನಾರನೇ ಚಾನೆಲ್ ಸುಮ್ಮನಾದಾಗ

"ಮಳೆಗಾಲ ಹಿಡಿಯೋಕೆ ಮುಂಚೆ ನನ್ನ ತಮ್ಮನ್ನ ಆ ಬಂಡೆಯಿಂದ ಕರ್ಕೊಂಡು ಬರ್ಬೇಕು. ಮೋಟಾರು ದೋಣಿ ಕೆಟ್ಟು ಕೂತಿದೆ ಅಂತೀರಿ. ನಮ್ಮ ಹಾಯಿದೋಣಿ ಎರಡು ಇವೆಯಲ್ಲ, ಅವೇನು ಅಲಂಕಾರಕ್ಕಾ?"

ಅತ್ತೆ ಹೀಗೆಂದ ಮೇಲೆ ಮನೆಯಲ್ಲಿ ಎರಡನೇ ಮಾತು ಹುಟ್ಟಲಿಲ್ಲ. ಆಕೆಯ ತಮ್ಮ ಪಕ್ಷಿಶಾಸ್ತ್ರಜ್ಞ. ಕಡಲಿನ ನಡುವೆ ಎದ್ದು ನಿಂತ ಹಕ್ಕಿಬಂಡೆಯ ಮೇಲೆ ಒಂದು ಡೇರೆ ಹಾಕಿಕೊಂಡು, ಚಳಿಗಾಲದಿಂದ ಒಬ್ಬನೇ ಇದ್ದ. ದೊಡ್ಡ ದೋಣಿಯಲ್ಲಿ ಅತ್ತೆ, ಸೊಸೆ. ಬರುವಾಗ ಅವರ ಜೊತೆ ಆ ತಮ್ಮ, ಅಂದರೆ ಮಗನ ಸೋದರಮಾವ. ಚಿಕ್ಕ ದೋಣಿಯಲ್ಲಿ ಮಗನೊಬ್ಬನೇ. ಬರುವಾಗ ಅವನ ಪಾಲಿಗೆ ಡೇರೆ ಮತ್ತು ಪೆಟ್ಟಿಗೆಗಳು. ಹೀಗೆಂದು ತೀರ್ಮಾನವಾಯಿತು.

ಹೊರಡುವ ಮುಂಚೆ ಬಂದರಿನ ಕಟ್ಟೆಯ ಮೇಲೆ ಒಂದು ಜಗಳವೂ ಆಯಿತು. ಅದು ರೇಡಿಯೋ ಜಗಳ.

ಅತ್ತೆಯ ದೋಣಿಯಲ್ಲಿದ್ದ ವಿಎಚ್‌ಎಫ್ ರೇಡಿಯೋ ಬ್ರೆಡ್ಡಿನ ಡಬ್ಬಿಯಷ್ಟು ದೊಡ್ಡದು. ಸುರುಳಿ ವಯರಿನ ತುದಿಗೆ ಒಂದು ಮೈಕು. ಮೈಕಿನ ಪಕ್ಕದ ಗುಂಡಿ ಒತ್ತಿದರೆ ನಮ್ಮ ಮಾತು ಹೋಗುತ್ತದೆ, ಬಿಟ್ಟರೆ ಅವರ ಮಾತು ಬರುತ್ತದೆ. ಎರಡೂ ಒಟ್ಟಿಗೆ ಆಗುವುದಿಲ್ಲ. ಅದನ್ನು ಕೊಂಡ ಕಾಲದಲ್ಲಿ ಒಂದೊಂದು ಚಾನೆಲ್ಲಿಗೂ ಅದರ ಅಲೆ ಹಿಡಿಯುವ ಒಂದೊಂದು ಹರಳನ್ನು ಬೇರೆಯಾಗಿ ತಂದು ಕೂರಿಸಬೇಕಿತ್ತು. ಅತ್ತೆಯ ಯಜಮಾನರು ಮೊದಲು ತಂದದ್ದು ಹದಿನಾರನೆಯದು. ಹದಿನಾರು ಎಂದರೆ ಕಡಲಿನ ಜಗಲಿ. ಎಲ್ಲರೂ ಅಲ್ಲಿಗೆ ಕಿವಿ ಕೊಟ್ಟಿರುತ್ತಾರೆ. ಅಪಾಯದಲ್ಲಿರುವವನು 'ಮೇಡೇ' ಎಂದು ಮೊದಲು ಅಲ್ಲಿಯೇ ಕೂಗುತ್ತಾನೆ. ಆಗೆಲ್ಲ ದಡದ ಎಷ್ಟೋ ಅಡುಗೆಮನೆಗಳಲ್ಲೂ ಒಂದು ಸೆಟ್ಟು ಗೊರಗುಡುತ್ತಿತ್ತು.

ಮಗನ ದೋಣಿಗೆ ಕೂರಿಸಿದ್ದ ಹೊಸ ಸೆಟ್ಟು ಅಂಗೈಯಗಲ, ದೋಣಿಯ ದೊಡ್ಡ ಬ್ಯಾಟರಿಯಿಂದ ನಡೆಯುವಂಥದ್ದು. ಮುಚ್ಚಳದಡಿ ಒಂದು ಕೆಂಪು ಗುಂಡಿ.

"ಒಂದ್ಸಲ ಇದನ್ನ ಒತ್ತಿ ಹಿಡಿದ್ರೆ ಯಾವ ದೋಣಿ, ಎಲ್ಲಿದೆ, ಎಲ್ಲಾ ತಾನೇ ಕೂಗಿ ಹೇಳುತ್ತೆ ಅಮ್ಮ. ನಿನ್ನ ಡಬ್ಬಿನ ಮ್ಯೂಸಿಯಮ್ಮಿಗೆ ಕೊಟ್ಬಿಡು."

"ನಿಮ್ಮಪ್ಪ ರಿಪೇರಿ ಮಾಡಿದ ಡಬ್ಬಿ ಕಣೋ ಅದು. ನಿನಗಿಂತ ಚೆನ್ನಾಗಿ ಮಾತು ಕೇಳುತ್ತೆ."

ದಂತವೈದ್ಯೆಯಾದ ಸೊಸೆ ಹಗ್ಗ ಸುತ್ತುತ್ತಲೇ ಅಂದಳು: "ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ರೇಡಿಯೋಗೂ ಹಾಗೇನಾ?"

ಎಲ್ಲರೂ ನಕ್ಕರು. ಯಜಮಾನರ ಹೆಸರು ಬಂದಾಗ ಮಾತ್ರ ಅತ್ತೆ ಮುಖ ತಿರುಗಿಸಿದ್ದನ್ನು ಮಗ ಗಮನಿಸಿದ. ಅಪ್ಪ ತೀರಿಕೊಂಡ ದಿನ ಅವನು ಬೇರೊಂದು ಬಂದರಿನಲ್ಲಿ ದೋಣಿಗೆ ಹಲಗೆ ಹೊಡೆಯುತ್ತಿದ್ದ. ಕೊನೆಯ ಗಳಿಗೆ ಹೇಗಿತ್ತು ಎಂದು ಕೇಳಿದಾಗಲೆಲ್ಲ ಅಮ್ಮ ಏನಾದರೊಂದು ಕೆಲಸ ಹಿಡಿದು ಎದ್ದುಬಿಡುತ್ತಿದ್ದಳು.

ಹಾಯಿಗಳು ಗಾಳಿ ತುಂಬಿಕೊಂಡವು. ಬಂದರಿನ ಗೋಡೆ ದಾಟಿದ್ದೇ ಕಡಲು ಹಿಗ್ಗಿತು. ಉದ್ದನೆಯ, ನುಣುಪಾದ ಅಲೆಗಳು ಒಂದರ ಬೆನ್ನಿಗೊಂದು ಬಂದು ದೋಣಿಯನ್ನು ಎತ್ತಿ, ತೂಗಿ, ಮೆಲ್ಲಗೆ ಇಳಿಸುತ್ತಿದ್ದವು. ಬಿಸಿಲಿಗೆ ನೀರು ಒಂದು ಕಡೆ ಹಸಿರು, ಇನ್ನೊಂದು ಕಡೆ ಸೀಸದ ಬಣ್ಣ. ಮೊದಲ ಸಲ ದೂರದ ಯಾನಕ್ಕೆ ಬಂದಿದ್ದ ಸೊಸೆಗೆ ಚುಕ್ಕಾಣಿಯ ಹಿಡಿಯಲ್ಲಿ ಇಡೀ ಕಡಲು ಮಿಡಿಯುವುದು ತಿಳಿಯುತ್ತಿತ್ತು. ಹಕ್ಕಿಬಂಡೆ ಮೊದಲು ಒಂದು ಹಲ್ಲಿನಂತೆ ಕಂಡಿತು, ಆಮೇಲೆ ಗೋಪುರದಂತೆ. ಹತ್ತಿರ ಹೋದರೆ ಬಂಡೆಯೇ ಹಾರಿಹೋಗುತ್ತಿದೆಯೋ ಎನ್ನುವಷ್ಟು ಬಿಳಿ ಹಕ್ಕಿಗಳು ಒಟ್ಟಿಗೆ ಎದ್ದವು.

ಗಡ್ಡ ಬಿಟ್ಟ ಸೋದರಮಾವ ಅಲೆಯ ಏರಿಳಿತ ನೋಡಿಕೊಂಡು ದೋಣಿಗೆ ಹಾರಿದ. ಕಾಲು ಊರುವ ಮೊದಲೇ ಬಾಯಿ ಶುರುವಾಗಿತ್ತು.

"ಅಕ್ಕಾ! ತಿಂಗಳುಗಟ್ಟಲೆ ಹಕ್ಕಿ ಜೊತೆ ಮಾತಾಡಿ ಮಾತಾಡಿ ನಾಲಿಗೆ ಕೊಕ್ಕಾಗಿದೆ. ಒಂದಾದ್ರೂ ತಿರುಗಿ ಮಾತಾಡ್ಬೇಕಲ್ಲ?"

"ನೀನು ಬಿಡುವು ಕೊಟ್ಟಿದ್ರೆ ತಾನೇ!" ಎಂದಳು ಅಕ್ಕ.

ಪೆಟ್ಟಿಗೆಗಳೆಲ್ಲ ಚಿಕ್ಕ ದೋಣಿ ಸೇರಿದವು. ಅದು ಒಂದು ಗೇಣು ಕೆಳಗಿಳಿಯಿತು. ಅರ್ಧ ಗಂಟೆಗೊಮ್ಮೆ ಹದಿನಾರರಲ್ಲಿ ಕೂಗುವುದೆಂದು ಮಾತಾಡಿಕೊಂಡು ಎರಡೂ ದೋಣಿಗಳು ಹೊರಳಿದವು.

ದಾರಿಯಲ್ಲಿ ಮಂಜು ಬಂತು. ಮೊದಲು ಬಂಡೆಯನ್ನು ನುಂಗಿತು, ಆಮೇಲೆ ಹಿಂದಿದ್ದ ಚಿಕ್ಕ ದೋಣಿಯನ್ನು. ಗಾಳಿ ಮಾತ್ರ ನಿಲ್ಲಲಿಲ್ಲ. ಸೊಸೆ ದಿಕ್ಸೂಚಿ ನೋಡುತ್ತ ಚುಕ್ಕಾಣಿ ಹಿಡಿದಳು. ಗಂಡನ ಬಳಿ ಇದ್ದಂತೆ ಅವಳ ಸೊಂಟದಲ್ಲೂ ಒಂದು ಕೈರೇಡಿಯೋ ಇತ್ತು; ಬ್ಯಾಟರಿ ಉಳಿಯಲೆಂದು ಅದನ್ನು ಆರಿಸಿದ್ದಳು. ಕೆಳಗೆ ದೊಡ್ಡ ಸೆಟ್ಟು ಇದೆಯಲ್ಲ. ಅಕ್ಕತಮ್ಮಂದಿರು ಕ್ಯಾಬಿನ್ನಿನಲ್ಲಿ ಮಾತಿಗೆ ಕೂತಿದ್ದರು.

ಅರ್ಧ ಗಂಟೆ ಕಳೆಯಿತು.

"ಅತ್ತೆ, ಇವರು ಕೂಗಿದ್ರಾ?"

"ಇಲ್ಲಮ್ಮ. ಹದಿನಾರು ಇವತ್ತು ತಣ್ಣಗಿದೆ. ಒಬ್ಬರೂ ಉಸಿರೆತ್ತಿಲ್ಲ."

ಸೊಸೆಗೆ ಏನೋ ಚುಚ್ಚಿತು. ಮಂಜು ಬಿದ್ದ ಹೊತ್ತಿನಲ್ಲಿ ಮೀನಿನ ದೋಣಿಗಳು, ಹಡಗುಗಳು, ಬಂದರಿನವರು, ಯಾರಾದರೂ ಮಾತಾಡಲೇಬೇಕು. ಒಬ್ಬರೂ ಇಲ್ಲವೆಂದರೆ? ಅವಳು ಕೈರೇಡಿಯೋ ಹಚ್ಚಿದಳು.

ಕಿವಿ ಹರಿಯುವ ಹಾಗೆ ಕೀರಲು ಸದ್ದು! ಅದರ ನಡುವೆ ಅತ್ತೆಯ ದನಿ. ಕೆಳಗಿನಿಂದಲ್ಲ, ಅವಳ ಕೈಯೊಳಗಿನಿಂದ.

"ಅತ್ತೆ! ಮೈಕು! ನಮ್ಮ ಮೈಕು ಎಲ್ಲಿದೆ?"

ಕೆಳಗೆ ಗದ್ದಲವೆದ್ದಿತು. "ಏಳೋ! ಏಳು ಮೇಲಕ್ಕೆ!" ಸೋದರಮಾವ ಎದ್ದ. ಅವನು ಕೂತಿದ್ದ ದಿಂಬಿನ ಅಡಿಯಲ್ಲಿ, ಸುರುಳಿ ವಯರಿನ ತುದಿಯಲ್ಲಿ, ಮೈಕು ಇತ್ತು. ಗುಂಡಿ ಒಳಕ್ಕೆ ಅದುಮಿಕೊಂಡೇ ಇತ್ತು. ಮಾತು ಹೋಗುತ್ತಿದೆ ಎಂದು ತೋರಿಸುವ ಪುಟ್ಟ ದೀಪ ಎಂದೋ ಸುಟ್ಟುಹೋಗಿತ್ತು. ಇಷ್ಟು ಹೊತ್ತು ಅವರೇ ಇಡೀ ಕಡಲಿನ ಬಾಯಿ ಮುಚ್ಚಿದ್ದರು.

ಅತ್ತೆ ಉಗುರು ತೂರಿಸಿ ಗುಂಡಿಯನ್ನು ಎಬ್ಬಿಸಿದಳು. ಡಬ್ಬಿ ಒಡನೆ ಬಾಯಿಬಿಟ್ಟಿತು.

"...ದೇವರ ದಯೆ, ಕೊನೆಗೂ ಬಿಟ್ರು!" ಬಂದರಿನ ರೇಡಿಯೋದಾಕೆಯ ದನಿ. "ಎಲ್ಲ ದೋಣಿಗಳೂ ಹದಿನಾರು ಖಾಲಿ ಬಿಡಿ. ಯಾರೋ ಸಹಾಯ ಕೇಳ್ತಿದ್ದ ಹಾಗಿತ್ತು. ಯಾರದು? ಮತ್ತೆ ಹೇಳಿ."

ಒಂದು ಕ್ಷಣ ಬರಿಯ ಗೊರಗೊರ. ಆಮೇಲೆ ಬಹಳ ಸಣ್ಣಗೆ, ಮಗನ ದನಿ.

"ಮೇಡೇ... ಚುಕ್ಕಾಣಿ ಮುರಿದಿದೆ. ನೀರು ನುಗ್ಗಿ ದೊಡ್ಡ ಬ್ಯಾಟರಿ ಹೋಯ್ತು, ಕೆಂಪು ಗುಂಡಿ ಸತ್ತಿದೆ. ಲಂಗರು ಹಾಕಿದೀನಿ, ಜಾರ್ತಿದೆ. ಗರಗಸ ಬಂಡೆಗಳ ಸದ್ದು ಕೇಳ್ತಿದೆ. ಕೈರೇಡಿಯೋ ಬ್ಯಾಟರಿ..."

ಮಾತು ತುಂಡಾಯಿತು.

ಗರಗಸ ಬಂಡೆಗಳೆಂದರೆ ನೀರಿನ ಮಟ್ಟದಲ್ಲೇ ಸಾಲುಗಟ್ಟಿದ ಕಲ್ಲು. ಅದರ ಮೇಲೆ ಸಿಕ್ಕಿದ ದೋಣಿ ಸೌದೆಯಾಗುತ್ತದೆ. ರಕ್ಷಣಾ ದೋಣಿ ಹೊರಟಿತೆಂದು ಬಂದರಿನಾಕೆ ಹೇಳಿದಳು. ಆದರೆ ಅದು ಬರುವುದು ದೂರದಿಂದ. ಹತ್ತಿರವಿದ್ದವರು ಇವರೇ.

ಸೋದರಮಾವನ ಮುಖ ಬಿಳಿಚಿತ್ತು. "ಅಕ್ಕಾ, ನಾನು... ನನ್ನಿಂದ..."

"ಆಮೇಲೆ ಅಳು. ಈಗ ಹಾಯಿ ಹಗ್ಗ ಹಿಡಿ."

ಅತ್ತೆ ಕಣ್ಣು ಮುಚ್ಚಿದಳು. ತುಟಿ ಅಲುಗಿತು. ಯಾರನ್ನು ಕೂಗಿದಳೋ. ಮತ್ತೆ ಕಣ್ಣು ಬಿಟ್ಟು ಮೈಕನ್ನು ಬಾಯಿಗೆ ಹಿಡಿದಳು.

"ಮಗಾ, ಮಾತಾಡ್ಬೇಡ. ಮಾತಿಗೆ ಬ್ಯಾಟರಿ ಜಾಸ್ತಿ ಬೇಕು, ಕೇಳೋಕೆ ಸಾಕಾಗುತ್ತೆ. ನಾನು ಕೇಳ್ತೀನಿ, ನೀನು ಗುಂಡಿ ಮಾತ್ರ ತಟ್ಟು. ಹೌದು ಅಂದ್ರೆ ಒಂದು, ಇಲ್ಲ ಅಂದ್ರೆ ಎರಡು. ತಿಳೀತಾ?"

ಟಿಕ್.

ಆ ಒಂದು ಸದ್ದಿಗೆ ಸೊಸೆ ಚುಕ್ಕಾಣಿ ಹಿಡಿದೇ "ಆಹಾ!" ಎಂದು ಕೂಗಿದಳು.

"ಕಲ್ಲಿನ ಸದ್ದು ನಿನ್ನ ಎಡಕ್ಕಾ?"

ಟಿಕ್ ಟಿಕ್.

"ಬೆನ್ನ ಹಿಂದಾ?"

ಟಿಕ್.

ಲಂಗರು ಹಾಕಿದ ದೋಣಿ ಗಾಳಿಗೆ ಮುಖ ಮಾಡಿ ನಿಲ್ಲುತ್ತದೆ; ಹಾಗಾದರೆ ಅವನಿರುವುದು ಬಂಡೆಗಳಿಂದ ಗಾಳಿ ಬರುವ ಬದಿಗೆ. ಅತ್ತೆ ನಕ್ಷೆಯ ಮೇಲೆ ಬೆರಳೂರಿದಳು. "ಬಲಕ್ಕೆ ತಿರುಗಿಸಮ್ಮ. ಇನ್ನೂ. ಹಾಗೇ ಹಿಡಿ." ಗೋಡೆಯಲ್ಲಿದ್ದ ಹಿತ್ತಾಳೆಯ ಕೊಂಬನ್ನು ತೆಗೆದು ತಮ್ಮನ ಕೈಗಿತ್ತಳು. "ಊದು. ನಿನ್ನ ಬಾಯಿಗೆ ಇವತ್ತು ಕೆಲಸ ಸಿಕ್ತು."

ಅವನು ಊದಿದ. ಮಂಜು ಕಂಪಿಸಿತು.

"ಕೇಳಿಸ್ತಾ?"

ಟಿಕ್ ಟಿಕ್.

ದೋಣಿ ಓರೆಯಾಗಿ ನುಗ್ಗಿತು. ಅಲೆ ಒಡೆದು ಮುಖಕ್ಕೆ ಹೊಡೆಯಿತು. ಅವನು ಕೆನ್ನೆ ಉಬ್ಬಿಸಿ ಮತ್ತೆ ಊದಿದ.

"ಈಗ?"

ಬಹಳ ಹೊತ್ತು ಏನೂ ಇಲ್ಲ. ಆಮೇಲೆ, ಟಿಕ್.

"ಬಂತು!" ಸೊಸೆ ಕುಣಿದೇಬಿಟ್ಟಳು. "ಊದಿ ಮಾವಾ, ನಿಲ್ಲಿಸ್ಬೇಡಿ!"

"ಮೊದಲಿಗಿಂತ ಜೋರಾಗಿದೆಯಾ?" ಟಿಕ್. "ಈಗ?" ಟಿಕ್. "ಈಗ?" ಟಿಕ್ ಟಿಕ್.

"ದಾಟಿಬಿಟ್ವಿ. ತಿರುಗಿಸು!"

ಹಾಯಿ ಪಟಪಟನೆ ಬಡಿದು ಇನ್ನೊಂದು ಪಕ್ಕಕ್ಕೆ ಬಿತ್ತು. ಈಗ ಅವರಿಗೂ ಕೇಳಿಸಿತು: ಕಲ್ಲಿಗೆ ನೀರು ಅಪ್ಪಳಿಸುವ, ಯಾರೋ ಜಲ್ಲಿ ಸುರಿಯುತ್ತಿರುವಂಥ ಸದ್ದು. ಅತ್ತೆ ಮತ್ತೆ ಕೇಳಿದಳು. ಉತ್ತರವಿಲ್ಲ. ಇನ್ನೊಮ್ಮೆ ಕೇಳಿದಳು. ಟಿಕ್ ಎನ್ನುವ ಶಕ್ತಿಯೂ ಆ ಬ್ಯಾಟರಿಗೆ ಉಳಿದಿರಲಿಲ್ಲ.

"ಕೊಂಬು ನಿಲ್ಲಿಸು. ಎಲ್ಲರೂ ಸುಮ್ಮನಿರಿ."

ಮೂವರೂ ಉಸಿರು ಬಿಗಿಹಿಡಿದರು. ಮಂಜಿನೊಳಗಿನಿಂದ ಡಣ್, ಡಣ್, ಡಣ್. ಅವನು ಕಬ್ಬಿಣದ ಬಕೆಟ್ಟನ್ನು ಬಡಿಯುತ್ತಿದ್ದ.

"ಅಗೋ ಅಲ್ಲಿ!"

ಮಂಜು ಹರಿದು ಚಿಕ್ಕ ದೋಣಿ ಕಂಡಿತು. ಮೊಣಕಾಲುದ್ದ ನೀರಿನಲ್ಲಿ ಮಗ ನಿಂತಿದ್ದ. ಅವನ ಬೆನ್ನ ಹಿಂದೆ ಕೂಗಳತೆಯೂ ಇಲ್ಲ, ಬಿಳಿ ನೊರೆಯ ಸಾಲು.

ಸೊಸೆ ಚುಕ್ಕಾಣಿಯನ್ನು ಅತ್ತೆಗೆ ಕೊಟ್ಟು ಮುಂದಕ್ಕೆ ಓಡಿದಳು. ಹಗ್ಗದ ಸುರುಳಿ ಬೀಸಿದಳು. ನೆಟ್ಟಗೆ ಹೋದದ್ದು ಗಾಳಿಗೆ ಬಾಗಿ ನೀರಿಗೆ ಬಿತ್ತು.

"ಮತ್ತೆ!" ಅತ್ತೆ ಹಾಯಿದೋಣಿಯ ಪುಟ್ಟ ಎಂಜಿನ್ ಹಚ್ಚಿ ದೋಣಿಯ ಮೂತಿಯನ್ನು ಗಾಳಿಗೆ ಹಿಡಿದಳು.

ಸೊಸೆ ಒದ್ದೆ ಹಗ್ಗ ಸೆಳೆದು, ಗಂಡನ ತಲೆಗೇ ಗುರಿಯಿಟ್ಟು ಎಸೆದಳು. ಅದು ಅವನ ಭುಜಕ್ಕೆ ಬಡಿಯಿತು. ಅವನು ಅಪ್ಪಿ ಹಿಡಿದ, ಮೂತಿಯ ಗೂಟಕ್ಕೆ ಸುತ್ತಿದ, ಚಾಕು ತೆಗೆದು ಲಂಗರಿನ ಹಗ್ಗ ಕಡಿದ.

ಹಗ್ಗ ಬಿಗಿಯಿತು. ಎರಡೂ ದೋಣಿಗಳು ನರಳಿದವು. ಹಾಯಿ, ಎಂಜಿನ್ ಎರಡೂ ದುಡಿದರೂ ನೊರೆಯ ಸಾಲು ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಆಮೇಲೆ ಒಂದು ಮಾರು, ಇನ್ನೊಂದು ಮಾರು, ಹಿಂದೆ ಸರಿಯಿತು. ಮಂಜು ಅದನ್ನು ಮುಚ್ಚಿತು.

"ಬಂದರು, ಬಂದರು," ಅತ್ತೆ ಮೈಕು ಹಿಡಿದಳು. "ಸಿಕ್ಕ. ಎಳ್ಕೊಂಡು ಬರ್ತಿದೀವಿ." ಗುಂಡಿ ಬಿಟ್ಟಳು. ಎಷ್ಟೋ ದೋಣಿಗಳ ದನಿಗಳು ಒಂದರ ಮೇಲೊಂದು ಬಿದ್ದವು. ಒಂದು ಪದವೂ ತಿಳಿಯಲಿಲ್ಲ, ಸಂತೋಷ ಮಾತ್ರ ತಿಳಿಯಿತು.

ದಾರಿಯಲ್ಲಿ ಸಿಕ್ಕ ರಕ್ಷಣಾ ದೋಣಿ ಕೊನೆಯವರೆಗೂ ಜೊತೆ ಬಂತು. ಕಟ್ಟೆಯಲ್ಲಿ ಜನ ಸೇರಿದ್ದರು. ಮೀನುಗಾರನೊಬ್ಬ ಸೋದರಮಾವನ ಬೆನ್ನು ತಟ್ಟಿ, "ನಿಮ್ಮಕ್ಕ ಮಾಡೋ ಕಾಫಿ ಕಲಗಚ್ಚಿನ ಹಾಗಿರುತ್ತಂತಲ್ಲ? ಕಡಲೆಲ್ಲ ಕೇಳ್ತು!" ಎಂದ. ಸೋದರಮಾವ ಜೀವಮಾನದಲ್ಲಿ ಮೊದಲ ಸಲ ಬಾಯಿ ತೆರೆಯಲಿಲ್ಲ. "ಗುಂಡಿ ಒತ್ಕೊಂಡೇ ಇದ್ರೆ ಸ್ವಲ್ಪ ಹೊತ್ತಿಗೆ ತಾನೇ ಮಾತು ಕಡಿಯೋ ಸೆಟ್ಟು ಈಗ ಬಂದಿದೆ," ಎಂದಳು ಬಂದರಿನ ರೇಡಿಯೋದಾಕೆ. "ನಾಳೆನೇ ತರ್ತೀವಿ," ಎಂದಳು ಅತ್ತೆ, ತಲೆ ಎತ್ತದೆ.

ಮಗ ಕಂಬಳಿ ಹೊದ್ದು ಮೆಟ್ಟಿಲ ಮೇಲೆ ಕೂತಿದ್ದ. ಅತ್ತೆ ಅವನ ಎದುರು ನಿಂತಳು.

"ನಾನೇ ನಿನ್ನ ಬಾಯಿ ಮುಚ್ಚಿದ್ದೆ ಕಣೋ."

"ಮೊದಲು ಸಿಟ್ಟು ಬಂತು ಅಮ್ಮ. ಕೂಗಿದೆ, ಕೂಗಿದೆ. ತಿರುಗಿ ಬರೋದೆಲ್ಲ ನಿನ್ನ ದನಿನೇ." ಅವನು ಕಂಬಳಿಯನ್ನು ಬಿಗಿಯಾಗಿ ಎಳೆದುಕೊಂಡ. "ಆಮೇಲೆ ನೀನು ಮಾವನಿಗೆ ಅಪ್ಪನ ಕೊನೇ ದಿನದ ವಿಷಯ ಹೇಳೋಕೆ ಶುರು ಮಾಡಿದೆ. ಬ್ಯಾಟರಿ ಉಳಿಸ್ಬೇಕು ಅಂತ ಗೊತ್ತಿತ್ತು. ಆರಿಸೋಕೆ ಕೈ ಬರ್ಲಿಲ್ಲ."

ಅತ್ತೆ ಒದ್ದೆ ಮೆಟ್ಟಿಲ ಮೇಲೆಯೇ ಅವನ ಪಕ್ಕ ಕೂತಳು.

"ಎಲ್ಲೀವರೆಗೆ ಕೇಳಿಸ್ಕೊಂಡೆ?"

"ಕಿಟಕಿ ತೆಗಿ ಅಂದ್ರಲ್ಲ ಅಪ್ಪ, ಅಲ್ಲೀವರೆಗೆ."

"ಅದಾದ ಮೇಲೆ ಇನ್ನೂ ಇದೆ," ಎಂದಳು ಅತ್ತೆ. "ಆಮೇಲೆ ನಿನ್ನ ಕೇಳಿದ್ರು."

ಈ ಸಲ ಅವಳು ಎದ್ದು ಹೋಗಲಿಲ್ಲ.