ಬೇರಿನ ತುಂಡುಗಳು

"ಯಾರು ಉತ್ತಿದ್ದು?"

ಹನಿಯಾ ತನ್ನ ಹೊಲದ ಬದುವಿನ ಮೇಲೆ ನಿಂತು ಕೂಗಿದಳು. ಅಕ್ಕನ ಮಗುವಿಗೆ ಹೆಸರಿಡುವ ಊಟಕ್ಕೆ ಹೋದವಳು ಆಗಷ್ಟೇ ಬಸ್ಸಿಳಿದು ಬಂದಿದ್ದಳು. ಕೈಯಲ್ಲಿನ ಚೀಲ ಇನ್ನೂ ಇಳಿಸಿರಲಿಲ್ಲ.

ಊರಿನ ಹೊಲಗಳನ್ನು ಬಾಡಿಗೆಗೆ ಉಳುವ ಬುವಜ್ಜಾ ಟ್ರ್ಯಾಕ್ಟರಿನ ಮೇಲಿಂದ ನಕ್ಕ. ಆ ನಗೆ ನೋಡಲೆಂದೇ ಅವಳು ಎಷ್ಟೋ ಸಲ ಕಾಲುವೆಯ ಸುತ್ತುದಾರಿ ಹಿಡಿದಿದ್ದಳು.

"ನಾನೇ. ನೀನು ಬರೋದ್ರೊಳಗೆ ಒಂದು ಮುಳ್ಳುಗಿಡಾನೂ ಇರಬಾರದು ಅಂತ. ಚಹಾ ಆದ್ರೂ ಕೊಡ್ತೀಯಾ?"

"ಚಹಾನಾ? ವಿಷ ಕೊಡ್ತೀನಿ!"

ಅವಳು ಉತ್ತ ಸಾಲಿನಿಂದ ಬೆರಳುದ್ದದ ಬೇರೊಂದನ್ನು ಹೆಕ್ಕಿ ಅವನ ಮುಖಕ್ಕೆ ಎಸೆದಳು.

"ಇದು ಸತ್ತಿದೆ ಅಂದ್ಕೊಂಡ್ಯಾ? ಒಂದೊಂದು ತುಂಡೂ ಒಂದೊಂದು ಗಿಡ ಆಗುತ್ತೆ. ಎರಡು ಬೇಸಿಗೆ ಬಗ್ಗಿ ಬಗ್ಗಿ ಚಿಗುರು ಕತ್ತರಿಸಿದ್ದು ಯಾಕೆ? ಬೇರನ್ನ ಉಪವಾಸ ಕೆಡವಿ ಸಾಯಿಸೋಕೆ. ಮೂಲೇಲಿ ಇದ್ದದ್ದನ್ನ ಇಡೀ ಹೊಲಕ್ಕೆ ಹರಡಿದ್ದೀಯಲ್ಲೋ, ಕತ್ತೆ!"

"ನಿನಗೆ ಸಹಾಯ ಆಗ್ಲಿ ಅಂತ..."

"ನಾನು ಕೇಳಿದ್ನಾ?"

ಅಪ್ಪನಿಂದ ಅವಳ ಪಾಲಿಗೆ ಬಂದದ್ದು ಇದೊಂದೇ ಹೊಲ. ಬೀಟ್ ಗೆಡ್ಡೆಯ ಬಿತ್ತನೆಯೊಳಗೆ ಮುಳ್ಳು ಹೋಗದಿದ್ದರೆ ಹೊಲವನ್ನು ತಾನೇ ವಹಿಸಿಕೊಳ್ಳುವುದಾಗಿ ಅಣ್ಣ ಶರ್ಕಿ ಹೇಳಿದ್ದ. ಅವನು ವಹಿಸಿಕೊಂಡದ್ದು ಯಾವುದೂ ಹಿಂದಿರುಗಿ ಬಂದಿರಲಿಲ್ಲ.

ಕೆಲವು ವಾರಗಳಲ್ಲಿ ಹೊಲದ ತುಂಬ ಮುಳ್ಳುಗಿಡದ ಬೂದಿಬಣ್ಣದ ಎಲೆಗಳು ಎದ್ದವು. ಬುವಜ್ಜಾ ಬದುವಿನ ಹತ್ತಿರ ಬಂದು ನಿಂತ. ಅವಳು ತಲೆಯೆತ್ತಲಿಲ್ಲ.

"ಸಂತೇಲಿ ಅಣ್ಣನ ಮುಂದೆ ಹೇಳು, ಇದು ನಿನ್ನ ಕೆಲಸ ಅಂತ."

"ಹೇಳಿದ್ರೆ ನನ್ನ ಟ್ರ್ಯಾಕ್ಟರನ್ನ ಯಾರೂ ಹೊಲಕ್ಕೆ ಬಿಡಲ್ಲ, ಹನಿಯಾ."

"ಗೊತ್ತು."

ಅವನು ಬದು ಇಳಿದು ಹೋದ. ಹೇಡಿ, ಎಂದುಕೊಂಡಳು.

ಆದರೆ ಸಂತೆಯ ದಿನ, ಕುರಿಗಳ ಸಾಲಿನ ಪಕ್ಕ ಚಹಾ ಕುಡಿಯುತ್ತಿದ್ದ ಶರ್ಕಿಯ ಮುಂದೆ ಅವನೇ ಬಂದು ನಿಂತ. "ಶರ್ಕಿ ಅಣ್ಣ, ನಿಮ್ಮ ತಂಗಿ ಹೊಲ ಹಾಳು ಮಾಡಿದ್ದು ನಾನು. ಅವಳನ್ನ ಕೇಳದೆ ಉತ್ತೆ."

"ವಧುದಕ್ಷಿಣೆ ಬದಲು ಮುಳ್ಳು ಕೊಟ್ಯೇನೋ?" ಎಂದು ಯಾರೋ ಕೂಗಿದರು. ಜನ ನಕ್ಕರು.

"ಅದೇ ನೇಗಿಲು ತೊಳೀದೇನೇ ಮಾರನೇ ದಿನ ನಿಮ್ಮ ಹೊಲಾನೂ ಉತ್ತಿದ್ದೀನಿ," ಎಂದ ಬುವಜ್ಜಾ, ಶರ್ಕಿಯನ್ನೇ ನೋಡುತ್ತ. "ಹೋಗಿ ನೋಡ್ಕೊಳ್ಳಿ."

ಶರ್ಕಿ ಗ್ಲಾಸು ಬಿಟ್ಟು ಎದ್ದ. ಸಂಜೆ ತಂಗಿಯ ಬಾಗಿಲಲ್ಲಿ ನಿಂತು, ಚಿಗುರನ್ನು ಯಾವಾಗ ಕತ್ತರಿಸಬೇಕೆಂದು ನೆಲ ನೋಡುತ್ತ ಕೇಳಿದ. ಹೊಲ ವಹಿಸಿಕೊಳ್ಳುವ ಮಾತೆತ್ತಲಿಲ್ಲ.

ಬೆಳಿಗ್ಗೆ ಬುವಜ್ಜಾ ಕುಡುಗೋಲು ಹಿಡಿದು ನಡೆದೇ ಬಂದ. ಟ್ರ್ಯಾಕ್ಟರಿಗೆ ಈಗ ಕೆಲಸವಿರಲಿಲ್ಲ. ಒಂದು ಗಿಡದಲ್ಲಿ ಆಗಲೇ ನೇರಳೆ ಹೂವು ಅರಳಿತ್ತು. ಅವನು ಅದನ್ನು ಕಿತ್ತು ಅವಳತ್ತ ನೋಡಿದ.

"ನನಗೆ ಕೊಟ್ರೆ ಕೈ ಕಡೀತೀನಿ. ಚೀಲಕ್ಕೆ ಹಾಕು, ಸುಡಬೇಕು."

ಹಾಕಿದ. "ಇದೆಲ್ಲ ಸಾಯೋಕೆ ಎಷ್ಟು ವರ್ಷ ಬೇಕು?"

"ನಿನ್ನ ಆಯಸ್ಸು ಸಾಲದು."

"ಸರಿ," ಎಂದು ಮುಂದಿನ ಗಿಡಕ್ಕೆ ಬಗ್ಗಿದ.

ಬಿಸಿಲೇರಿದಾಗ ಅವಳು ಅವನ ಮುಂದೆ ಚಹಾದ ಗ್ಲಾಸನ್ನು ಕುಕ್ಕಿದಳು. ಒಂದು ಗುಟುಕಿಗೇ ಅವನು ಮುಖ ಕಿವುಚಿದ.

"ಸಕ್ಕರೆ?"

"ಒಂದು ಬೇಸಿಗೆ ಈ ಹೊಲದಲ್ಲಿ ಹೂ ಬಿಡದೇ ಇರಲಿ. ಆಮೇಲೆ ಹಾಕ್ತೀನಿ."

ಅವನು ಗ್ಲಾಸು ಖಾಲಿ ಮಾಡಿ, ಇನ್ನೊಂದಕ್ಕೆ ಕೈ ಚಾಚಿದ.