ಗಾಳಿ ಯಾಕೆ ಸೋರುತ್ತಿತ್ತು?

“ರೀ! ವಾಲ್ವ್ ತಿರುಗಿಸ್ಬೇಡ್ರಿ!”

ದ್ರಾಕ್ಷಾಯಣಿ ಆಗಲೇ ತಿರುಗಿಸಿಬಿಟ್ಟಿದ್ದಳು. ಇನ್ನೂ ಕ್ಲಾಂಪ್ ಹಾಕಿ ಬಿಗಿಯದ ಗಾಳಿ ಪೈಪು ಬುಸ್ಸೆಂದು ಎದ್ದು ಅವಳ ಮುಖದ ಕಡೆಗೇ ಬಂತು. ಪೈಪು ಜೋಡಿಸುತ್ತಾ ಕೂಗಿದ್ದವನು ಅಡ್ಡ ಬಂದ. ಏಟು ಅವನ ಮಣಿಕಟ್ಟಿಗೆ ಬಿತ್ತು. ಅವಳು ಮುಡಿದಿದ್ದ ಕನಕಾಂಬರ ಅಂಗಡಿ ತುಂಬಾ ಚೆಲ್ಲಾಪಿಲ್ಲಿ!

“ನೋವಾಯ್ತಾ?”

“ನಿಮಗೇನೂ ಆಗ್ಲಿಲ್ವಲ್ಲಾ, ಬಿಡ್ರಿ.”

ಅಷ್ಟೇ ಮಾತು. ಅಷ್ಟಕ್ಕೇ ಅವಳ ಎದೆ ಹೊಡೆದುಕೊಂಡ ಪರಿ... ಏನು ಹೇಳಲಿ!

ಅದು 1998. ಹಿಂದೂಪುರದ ಕೊಟ್ಟೂರಪ್ಪ ಮರದ ಹಲಗೆಗಳ ಮೇಲೆ ಹೆಸರು ಕೆತ್ತಲು ಹೊಸ ಲೇಸರ್ ಮೆಷಿನ್ ತರಿಸಿದ್ದರು. ನಡೆಸುವವಳು ಮಗಳು ದ್ರಾಕ್ಷಾಯಣಿ. ಕೆತ್ತುವ ಜಾಗಕ್ಕೆ ಸದಾ ಗಾಳಿ ಊದುತ್ತಿರಬೇಕು, ಇಲ್ಲದಿದ್ದರೆ ಹಲಗೆ ಸುಟ್ಟು ಕಪ್ಪಾಗುತ್ತದೆ. ಕಂಪ್ರೆಸರಿನಿಂದ ಮೆಷಿನ್ನಿಗೆ ಆ ಗಾಳಿ ಲೈನ್ ಎಳೆಯಲು ಕಲ್ಯಾಣದುರ್ಗದಿಂದ ಬಂದವನೇ ರೇವಣಪ್ಪ.

ಪ್ರತಿ ಜಾಯಿಂಟಿಗೂ ಟೇಪ್ ಸುತ್ತಿ, ಸೋಪಿನ ನೊರೆ ಬಳಿದು, ಬಗ್ಗಿ ನೋಡಿದ.

“ಒಂದು ಗುಳ್ಳೆನೂ ಏಳ್ತಿಲ್ಲ, ಎಲ್ಲೂ ಸೋರ್ತಿಲ್ಲ ಯಜಮಾನ್ರೆ. ಇನ್ನ ನಾನು ಬರೋ ಅಗತ್ಯಾನೇ ಇಲ್ಲ!”

‘ಬರೋದೇ ಇಲ್ವಾ?!’ ದ್ರಾಕ್ಷಾಯಣಿ ಮನಸ್ಸಿನಲ್ಲೇ ಅಂದುಕೊಂಡಳು.

ಅಂಗಡಿಯಲ್ಲಿ ಎಲ್ಲರೂ ಅವನನ್ನು ಅಣ್ಣ ಎಂದೇ ಕರೆದರು. ಇವಳ ಬಾಯಿಂದ ಮಾತ್ರ ಆ ಮಾತು ಹೊರಡಲಿಲ್ಲ.

ದಿನಗಳು ಹೋದವು. ಅಂಗಡಿ ಎದುರು ಕಲ್ಯಾಣದುರ್ಗದ ಬಸ್ಸು ನಿಂತಾಗಲೆಲ್ಲ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ಯಾರ್ಯಾರೋ ಇಳಿಯುತ್ತಿದ್ದರು... ಅವನಲ್ಲ.

ಇಪ್ಪತ್ತನೇ ದಿನ ಸ್ಪ್ಯಾನರ್ ತೆಗೆದುಕೊಂಡಳು. ಮೆಷಿನ್ ಹಿಂದೆ ಗಾಳಿ ಪೈಪು ಸೇರುವ ನಟ್ಟನ್ನು ಅರ್ಧ ಸುತ್ತು ಸಡಿಲ ಮಾಡಿದಳು!

ಹಲಗೆ ಕಪ್ಪಾಯಿತು. ಕೊಟ್ಟೂರಪ್ಪ ಹೇಳಿಕಳಿಸಿದರು. ಮಾರನೆಯ ದಿನ ಮೊದಲ ಬಸ್ಸಿಗೇ ರೇವಣಪ್ಪ ಹಾಜರು.

“ಮೆಷಿನ್ ಅದುರೋದಕ್ಕೆ ಬಿಚ್ಕೊಂಡೈತೇನೋ...” ಎನ್ನುತ್ತಾ ಬಿಗಿದ. ಅವಳು ಕೊಟ್ಟ ಟೀ ಕುಡಿದ. ಬಾಗಿಲ ತನಕ ಹೋಗಿ, ಒಮ್ಮೆ ತಿರುಗಿ ನೋಡಿ ಹೊರಟುಹೋದ.

ಆ ಒಂದು ಗಂಟೆಯ ನೆನಪಿನಲ್ಲಿ ತಿಂಗಳು ಕಳೆಯಬೇಕಿತ್ತು! ಅವಳಿಂದ ಆಗಲಿಲ್ಲ. ಇನ್ನೂ ಎರಡು ಸಲ ಅದೇ ಆಟ.

ಮೂರನೇ ಸಲ ಗಿರಾಕಿಗಳ ಎದುರೇ ಕೊಟ್ಟೂರಪ್ಪ ರೇಗಿದರು. “ಏಮಪ್ಪಾ, ಇದೂ ಒಂದು ಕೆಲ್ಸಾನಾ? ಎಷ್ಟು ಸಲ ಬಂದ್ರೂ ಸೋರ್ತಾನೇ ಐತಲ್ಲಾ!”

ರೇವಣಪ್ಪ ತಲೆ ತಗ್ಗಿಸಿದ. “ನನ್ನ ಕೈಗುಣಾನೇ ಸರಿಯಿಲ್ಲ ಯಜಮಾನ್ರೆ. ಬೇರೆಯೋರ್ನ ಕರೆಸ್ಕಳಿ.”

‘ಹೇಳೇ... ಈಗಲಾದ್ರೂ ಹೇಳೇ!’ ದ್ರಾಕ್ಷಾಯಣಿ ಬಾಗಿಲವರೆಗೆ ಬಂದು ನಿಂತುಬಿಟ್ಟಳು. ಅವನು ತಿರುಗಿಯೂ ನೋಡದೆ ಹೋದ.

ಎರಡು ತಿಂಗಳಾಯಿತು. ನಟ್ಟು ಬಿಗಿಯಾಗಿಯೇ ಇತ್ತು, ಹಲಗೆಗಳು ಚೆನ್ನಾಗಿಯೇ ಬರುತ್ತಿದ್ದವು. ಅವಳಿಗೆ ಮಾತ್ರ ಅನ್ನ ಸೇರುತ್ತಿರಲಿಲ್ಲ.

ಒಂದು ದಿನ ಕಲ್ಯಾಣದುರ್ಗದಿಂದ ಹಲಗೆ ತರುವ ಬೋರಪ್ಪ ಹೇಳಿದ. “ರೇವಣಪ್ಪ ಗಾಳಿ ಕೆಲ್ಸಾನೇ ಬಿಟ್ಬುಟ್ಟ ಕಣಮ್ಮ. ಹಿಂದೂಪುರದಾಗೆ ಹೆಸರು ಕೆಟ್ಟೋಯ್ತು, ಯಾರೂ ಕರೀತಿಲ್ಲ. ಕಂಪ್ರೆಸರ್ ಮಾರ್ತಾನಂತೆ.”

ದ್ರಾಕ್ಷಾಯಣಿ ಮೆಷಿನ್ ನಿಲ್ಲಿಸಿಬಿಟ್ಟಳು. ‘ಅವರನ್ನ ನೋಡೋ ಆಸೆಗೆ ಅವರ ಬದುಕನ್ನೇ ಹಾಳು ಮಾಡಿದ್ನಲ್ಲಾ!’

ಅಂದೇ ಅಪ್ಪನ ಮುಂದೆ ನಿಂತು ಅಳುತ್ತಾ ಎಲ್ಲ ಹೇಳಿದಳು.

ಮೂರನೆಯ ದಿನ ಕಲ್ಯಾಣದುರ್ಗದ ಶೆಡ್ಡಿನಲ್ಲಿ ರೇವಣಪ್ಪ ಮಾರಾಟಕ್ಕೆಂದು ಕಂಪ್ರೆಸರ್ ಒರೆಸುತ್ತಿದ್ದ. ಅವಳನ್ನು ಕಂಡು ದಡಕ್ಕನೆ ಎದ್ದ.

“ನೀವಾ? ಮತ್ತೆ ಸೋರ್ತೈತಾ?”

“ನಿಮ್ಮ ಕೆಲ್ಸ ಯಾವತ್ತೂ ಸೋರ್ಲಿಲ್ಲ. ನಟ್ಟು ನಾನೇ ಸಡ್ಲ ಮಾಡ್ತಿದ್ದೆ... ಮೂರು ಸಲಾನೂ.”

“ಯಾಕ್ರೀ?! ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ರೀ!”

“ಸರಿಯಾಗಿದ್ರೆ ಬರಲ್ಲ ಅಂದ್ರಿ... ನಿಮ್ಮನ್ನ ನೋಡ್ದೆ ನಂಗೆ ಇರಾಕಾಗ್ಲಿಲ್ಲ.”

ಅವನು ಒರೆಸುವ ಬಟ್ಟೆಯನ್ನು ಕಂಪ್ರೆಸರ್ ಮೇಲಿಟ್ಟ. ಆಮೇಲೆ ಮೆಲ್ಲಗೆ ಹೇಳಿದ. “ಎಲ್ಲಿ ತಪ್ಪು ಮಾಡ್ದೆ ಅಂತ ಹುಚ್ಚು ಹಿಡಿದಂಗಾಗಿತ್ತು. ಆದ್ರೂ... ಸೋರ್ತೈತೆ ಅಂತ ಸುದ್ದಿ ಬಂದಾಗೆಲ್ಲ ಒಳಗೊಳಗೇ ಖುಷಿ. ನಿಮ್ಮನ್ನ ನೋಡ್ಬೋದಲ್ಲಾ ಅಂತ.”

ಅವಳ ಕಣ್ಣು ತುಂಬಿ ಬಂತು.

“ನಿಮ್ಮಪ್ಪಂಗೆ ಗೊತ್ತಾ?”

“ಎಲ್ಲಾ ಹೇಳ್ದೆ. ತಪ್ಪು ನಮ್ದೇ ಅಂತ ಅಂಗಡಿ ಅಂಗಡಿಗೂ ಹೋಗಿ ಹೇಳಿ ಬಂದ್ರು. ಈಗ ನಿಮ್ಮತ್ರ ಕ್ಷಮೆ ಕೇಳಾಕೆ ಟೀ ಅಂಗಡಿ ತಾವ ನಿಂತವ್ರೆ. ಒಳಗೆ ಬರಾಕೆ ಸಂಕೋಚ.”

ರೇವಣಪ್ಪ ಗಡಿಬಿಡಿಯಿಂದ ಕೈ ಒರೆಸಿಕೊಂಡು ಶರ್ಟ್ ಹಾಕಿಕೊಂಡ.

“ಎಲ್ಲಿಗ್ರೀ?”

“ಅವ್ರೇನೂ ಕೇಳೋದು ಬ್ಯಾಡ. ನಾನೇ ಹೋಗಿ ಕೇಳ್ಕೊಂಡು ಬತ್ತೀನಿ.”

“ಏನ್ ಕೇಳ್ತೀರಾ?”

“ಹೆಣ್ಣು ಕಣ್ರೀ!”